ನಿಂತ ಎಂಜಿನ್, ಸವೆದ ಎಂಜಿನ್

ಅಮೆರಿಕದ ಓಹಾಯೊ, ಇಂಡಿಯಾನಾ, ವಿಸ್ಕಾನ್ಸಿನ್ ಕಡೆ ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಮಾರುವವರ ಜಾಹೀರಾತುಗಳಲ್ಲಿ ಎರಡು ಬಗೆ. ಒಂದು, 'ಚೆನ್ನಾಗಿ ಓಡುತ್ತಿದೆ'. ಇನ್ನೊಂದು, 'ಅಜ್ಜ ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲೇ ನಿಂತಿದೆ, ಎಂಜಿನ್ ತಿರುಗುವುದಿಲ್ಲ'. ಮೊದಲನೆಯದಕ್ಕೆ ಒಳ್ಳೆಯ ಬೆಲೆ ಕೇಳುತ್ತಾರೆ. ಎರಡನೆಯದನ್ನು ಹೆಚ್ಚುಕಡಿಮೆ ಗುಜರಿ ಬೆಲೆಗೆ ಕೊಟ್ಟುಬಿಡುತ್ತಾರೆ. ನಾನು ನೋಡಲು ಹೊರಡುವುದು ಎರಡನೆಯದನ್ನು.

ಇದು ಬರೀ ಹಣ ಉಳಿಸುವ ಲೆಕ್ಕವಲ್ಲ. ಯಂತ್ರ ಹಾಳಾಗುವುದಕ್ಕೆ ಎರಡು ದಾರಿಗಳಿವೆ. ದುಡಿದು ದುಡಿದು ಲೋಹ ಸವೆದು ಹೋಗುವುದು ಒಂದು. ಸುಮ್ಮನೆ ನಿಂತಾಗ ಬೇಡದ ವಸ್ತು ಬಂದು ಕೂರುವುದು ಇನ್ನೊಂದು: ಸಿಲಿಂಡರಿನಲ್ಲಿ ತುಕ್ಕು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಗೋಂದು, ವಿದ್ಯುತ್ ಸಂಪರ್ಕಗಳ ಮೇಲೆ ಆಕ್ಸೈಡ್ ಪೊರೆ. ಸವೆದ ಲೋಹ ಮರಳಿ ಬರುವುದಿಲ್ಲ. ಅದಕ್ಕೆ ಲೇತ್ ಬೇಕು, ಹೊಸ ಬಿಡಿಭಾಗ ಬೇಕು, ದುಡ್ಡು ಬೇಕು. ಬಂದು ಕೂತದ್ದನ್ನು ಮಾತ್ರ ರಸಾಯನಶಾಸ್ತ್ರ ತಿಳಿದು ತಾಳ್ಮೆಯಿಂದ ತೆಗೆಯಬಹುದು. ತುಕ್ಕು ಕೂಡ ಒಂದಿಷ್ಟು ಕಬ್ಬಿಣವನ್ನು ತಿಂದೇ ಹುಟ್ಟುತ್ತದೆ, ನಿಜ. ಆದರೆ ಸೂರಿನ ಕೆಳಗೆ ನಿಂತ ಎಂಜಿನ್ನಿನೊಳಗೆ ಸಾಮಾನ್ಯವಾಗಿ ಅದು ತೆಳುವಾದ ಪದರ. ಓಡುತ್ತಿರುವ ಯಂತ್ರ ತನ್ನ ಸವೆತವನ್ನು ಸದ್ದಿನಲ್ಲಿ, ಹೊಸ ಬಣ್ಣದಲ್ಲಿ, ದಪ್ಪ ಎಣ್ಣೆಯಲ್ಲಿ ಮುಚ್ಚಿಟ್ಟುಕೊಳ್ಳಬಲ್ಲದು. ನಿಂತಿರುವುದು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಊರುಗಳ ಹೊರವಲಯದಲ್ಲಿ ಮನೆಗಳು ಹೆಚ್ಚಿದವು. ಮನೆಯ ಸುತ್ತ ಅರ್ಧ ಎಕರೆ, ಒಂದೆರಡು ಎಕರೆ ಜಾಗ. ಹೊಲದ ಟ್ರ್ಯಾಕ್ಟರಿಗೆ ಅದು ಸಾಲದು, ಕೈಯಲ್ಲಿ ತಳ್ಳುವ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೆಚ್ಚಾಯಿತು. ಈ ನಡುವಿನ ಜಾಗಕ್ಕೆಂದೇ ಹುಟ್ಟಿದ್ದು ಗಾರ್ಡನ್ ಟ್ರ್ಯಾಕ್ಟರ್. ಇದು ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತದೆ, ಸಣ್ಣ ನೇಗಿಲನ್ನೂ ಎಳೆಯುತ್ತದೆ, ಚಳಿಗಾಲದಲ್ಲಿ ಹಿಮ ತಳ್ಳುತ್ತದೆ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ವೀಲ್ ಹಾರ್ಸ್ ಎಂಬ ಗಾರ್ಡನ್ ಟ್ರ್ಯಾಕ್ಟರ್ ತಯಾರಾಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಕೆಂಟಕಿಯ ಲೂಯಿವಿಲ್‌ನಲ್ಲಿ ಕಬ್ ಕೆಡೆಟ್ ತಯಾರಿಸಿತು. 1963ರಲ್ಲಿ ವಿಸ್ಕಾನ್ಸಿನ್‌ನ ಹೊರಿಕಾನ್ ಕಾರ್ಖಾನೆಯಿಂದ ಜಾನ್ ಡಿಯರ್ 110 ಹೊರಬಂತು. ಮೊದಲ ಕಬ್ ಕೆಡೆಟ್ ಮತ್ತು 110, ಎರಡರಲ್ಲೂ ಇದ್ದದ್ದು ಕೋಹ್ಲರ್ ಕಂಪನಿಯ 7 ಅಶ್ವಶಕ್ತಿಯ ಎಂಜಿನ್. ಬೆಂಗಳೂರಿನ ಹೊಸ ಮನೆಗಳ ಬಚ್ಚಲುಗಳಲ್ಲಿ ನಲ್ಲಿಯ ಮೇಲೆ ಕಾಣುವ ಕೋಹ್ಲರ್ ಎಂಬ ಹೆಸರು ಅದೇ ಕಂಪನಿಯದು. ಬೀಡು ಕಬ್ಬಿಣದ ಸ್ನಾನದ ತೊಟ್ಟಿಗಳನ್ನು ಎರಕ ಹೊಯ್ಯುತ್ತಿದ್ದವರು ಎಂಜಿನ್ನಿನ ಒಡಲಾದ ಬ್ಲಾಕನ್ನೂ ಬೀಡು ಕಬ್ಬಿಣದಲ್ಲೇ ಹೊಯ್ದರು. ಕೋಹ್ಲರ್‌ನವರು ಕೆ-ಸರಣಿ ಎಂದು ಕರೆದ ಈ ಎಂಜಿನ್‌ಗಳು ಇಂದಿಗೂ ಉಳಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಅದೇ.

ಇನ್ನೊಂದು ಕಾರಣ, ಇವಕ್ಕೆ ಅವಸರವಿಲ್ಲ. ಸರಣಿಯ ಕೆ-301 ಎಂಬ ಎಂಜಿನ್ ಸುಮಾರು 476 ಸಿಸಿ ಗಾತ್ರದ್ದು. ನಿಮಿಷಕ್ಕೆ 3600 ಸುತ್ತು ತಿರುಗಿ ಅದು ಕೊಡುವುದು 12 ಅಶ್ವಶಕ್ತಿ. ಇಂದಿನ 350 ಸಿಸಿ ಮೋಟಾರ್‌ಸೈಕಲ್ ಸುಮಾರು 20 ಅಶ್ವಶಕ್ತಿ ಕೊಡುತ್ತದೆ. ತನ್ನ ಶಕ್ತಿಯ ಅಂಚಿಗೆ ಹೋಗದೆ ದುಡಿಯುವ ಎಂಜಿನ್ ನಿಧಾನವಾಗಿ ಸವೆಯುತ್ತದೆ. ಆದರೆ ಒಂದು ವಿಷಯದಲ್ಲಿ ಇದು ತೀರಾ ನಾಜೂಕು. ಒಳಗೆ ಎಣ್ಣೆಯ ಪಂಪ್ ಇಲ್ಲ. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ತುದಿಯಲ್ಲಿ ಒಂದು ಪುಟ್ಟ ನಾಲಿಗೆ ಇದೆ. ಪ್ರತಿ ಸುತ್ತಿನಲ್ಲೂ ಅದು ತಳದ ಎಣ್ಣೆಯಲ್ಲಿ ಮುಳುಗಿ ಎಲ್ಲೆಡೆ ಎರಚುತ್ತದೆ. ಎಣ್ಣೆ ಕಡಿಮೆಯಾದರೆ, ಅಥವಾ ಟ್ರ್ಯಾಕ್ಟರ್ ಕಡಿದಾದ ಇಳಿಜಾರಿನಲ್ಲಿ ಬಹಳ ಹೊತ್ತು ವಾಲಿದರೆ, ನಾಲಿಗೆಗೆ ಎಣ್ಣೆ ಎಟುಕುವುದಿಲ್ಲ. ಅಲ್ಯೂಮಿನಿಯಂ ರಾಡು ಕ್ರ್ಯಾಂಕಿಗೆ ಕಚ್ಚಿಕೊಂಡು ಮುರಿಯುತ್ತದೆ, ಮುರಿದ ತುಂಡು ಬ್ಲಾಕಿಗೇ ತೂತು ಹಾಕುತ್ತದೆ.

ಆದ್ದರಿಂದ ಕೊಳ್ಳಲು ಹೋದಾಗ ಮೊದಲು ನೋಡುವುದು ತುಕ್ಕನ್ನಲ್ಲ, ಬ್ಲಾಕಿನ ಮೈಯಲ್ಲಿ ಬೆಸುಗೆಯ ಗುರುತು ಇದೆಯೇ ಎಂಬುದನ್ನು. ಉಳಿದೆಲ್ಲ ಕಡೆ ಬಣ್ಣ ಮಾಸಿ ಎಂಜಿನ್ನಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಬೇಕು. ಎಂಜಿನ್ ತಿರುಗುವಂತಿದ್ದರೆ ಕಿಡಿ ಹಾರಿಸುವ ಪ್ಲಗ್ ತೆಗೆದು, ಎಂಜಿನ್ನಿನ ತುದಿಯ ಭಾರದ ಚಕ್ರವಾದ ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳಗಲದಷ್ಟು ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ದಿಕ್ಕು ಬದಲಾದ ಕ್ಷಣ ಒಳಗೆ ಟಕ್ ಎಂದರೆ ರಾಡಿನ ಬೇರಿಂಗ್ ಭಾಗ ಸವೆದಿದೆ. ಆಮೇಲೆ ಗೇರ್‌ಬಾಕ್ಸಿನ ಎಣ್ಣೆ. ಅದು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ಎರಕದ ಪೆಟ್ಟಿಗೆಯೇ ಬಿರುಕು ಬಿಡಬಹುದು, ಅದಕ್ಕೆ ತಳವನ್ನು ಟಾರ್ಚ್ ಹಾಕಿ ನೋಡಿಯೇ ಮುಂದಿನ ಮಾತು.

ಕೆಲವರು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಿಡಿದು ಬರುತ್ತಾರೆ. ಈ ಎಂಜಿನ್‌ಗಳಲ್ಲಿ ಅದನ್ನು ನಂಬುವಂತಿಲ್ಲ. ಸುಲಭವಾಗಿ ಸ್ಟಾರ್ಟ್ ಆಗಲೆಂದು ಕಡಿಮೆ ವೇಗದಲ್ಲಿ ಎಕ್ಸಾಸ್ಟ್ ವಾಲ್ವನ್ನು ತುಸು ಎತ್ತಿ ಹಿಡಿಯುವ ಏರ್ಪಾಡು ಬಹುಪಾಲು ಕೆ-ಸರಣಿಯ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ನಲ್ಲೇ ಇದೆ. ಒಳ್ಳೆಯ ಎಂಜಿನ್ ಕೂಡ ಗೇಜಿನಲ್ಲಿ ಸೋತಂತೆ ಕಾಣುತ್ತದೆ. ಅದಕ್ಕಿಂತ ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ ಕಿವಿಗೊಡುವುದು ಮೇಲು. ಸೈಲೆನ್ಸರಿನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಕಾರ್ಬ್ಯುರೇಟರಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್. ಎಣ್ಣೆ ಹಾಕುವ ಬಾಯಿಯಿಂದ ಜೋರಾಗಿ ಬಂದರೆ ಪಿಸ್ಟನ್ನಿನ ಸುತ್ತಲಿನ ರಿಂಗು ಅಥವಾ ಸಿಲಿಂಡರ್ ಸವೆದಿದೆ. ವಾಲ್ವನ್ನು ಮನೆಯಲ್ಲೇ ಉಜ್ಜಿ ಕೂರಿಸಬಹುದು, ಆದರೆ ಸಿಲಿಂಡರಿಗೆ ಅದನ್ನು ಕೊರೆದು ಅಗಲಿಸುವ ಬೋರಿಂಗ್ ಅಂಗಡಿಯೇ ಗತಿ.

ಈಗ ಕಚ್ಚಿಕೊಂಡ ಪಿಸ್ಟನ್ನಿನ ವಿಷಯ. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಎಂಜಿನ್ ಕೊನೆಯ ಬಾರಿ ನಿಂತಾಗ ಯಾವುದೋ ಒಂದು ವಾಲ್ವ್ ತೆರೆದೇ ಇದ್ದಿರಬಹುದು. ವರ್ಷಗಟ್ಟಲೆ ಆ ಬಾಗಿಲಿನಿಂದ ತೇವದ ಗಾಳಿ ಒಳಗೆ ಹೋಗಿ ಬರುತ್ತದೆ. ಬೆಳಗಿನ ಹೊತ್ತು ಹೊರಗಿನ ಗಾಳಿ ಬೆಚ್ಚಗಾದರೂ ದಪ್ಪನೆಯ ಬೀಡು ಕಬ್ಬಿಣ ಇನ್ನೂ ತಣ್ಣಗಿರುತ್ತದೆ, ತೇವ ಅದರ ಗೋಡೆಗೆ ಇಬ್ಬನಿಯಾಗಿ ಕೂರುತ್ತದೆ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ರಿಂಗು ಮತ್ತು ಗೋಡೆಯ ನಡುವೆ ಅಷ್ಟು ಜಾಗ ಎಲ್ಲಿದೆ? ತುಕ್ಕು ಅಲ್ಲಿ ಬೆಣೆ ಹೊಡೆದು ಕೂರುತ್ತದೆ. ಇಷ್ಟಕ್ಕೆ ಎಂಜಿನ್ ಸತ್ತಿತು ಎಂದು ಜನ ತೀರ್ಮಾನಿಸಿಬಿಡುತ್ತಾರೆ.

ಇಲ್ಲಿ ಸುತ್ತಿಗೆ ಎತ್ತಬಾರದು. ಹಗ್ಗ ಸುತ್ತಿ ಎಳೆಯಬಾರದು, ಬ್ಯಾಟರಿ ಕೊಟ್ಟು ಬಲವಂತವಾಗಿ ತಿರುಗಿಸಲೂಬಾರದು. ರಿಂಗು ಮುರಿದರೆ ತೆಗೆಯಬಹುದಾಗಿದ್ದ ತುಕ್ಕು ತುಂಬಲಾಗದ ನಷ್ಟವಾಗುತ್ತದೆ. ಮಾಡಬೇಕಾದದ್ದು, ಪ್ಲಗ್ಗಿನ ತೂತಿನಿಂದ ಒಳಕ್ಕೆ ಇಳಿಯುವ ಎಣ್ಣೆ ಬಿಟ್ಟು ಕಾಯುವುದು. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಸಮ ಬೆರೆಸಿ ಕುಲುಕಿ ಹಾಕುವುದು ಅಮೆರಿಕದ ಹಳಬರ ರೂಢಿ. ಅಸಿಟೋನ್ ಮಿಶ್ರಣವನ್ನು ತೆಳ್ಳಗಾಗಿಸಿ ಸಂದಿಗೆ ಇಳಿಸುತ್ತದೆ, ತಾನು ಆವಿಯಾಗಿ ಎಣ್ಣೆಯನ್ನು ಅಲ್ಲೇ ಬಿಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರಿಸುವ ಬಲವೇ ಇಲ್ಲೂ ಕೆಲಸ ಮಾಡುವುದು. 1921ರಲ್ಲಿ ಎಡ್ವರ್ಡ್ ವಾಶ್‌ಬರ್ನ್ ಇದಕ್ಕೊಂದು ಸೂತ್ರ ಕೊಟ್ಟರು: ಕಿರಿದಾದ ಸಂದಿಯಲ್ಲಿ ದ್ರವ ಸಾಗುವ ದೂರ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಮೊದಲ ದಿನ ಒಂದು ಮಿಲಿಮೀಟರ್ ಇಳಿದಿದ್ದರೆ ಎರಡನೆಯ ಮಿಲಿಮೀಟರ್ ಮುಗಿಯುವುದು ನಾಲ್ಕನೆಯ ದಿನಕ್ಕೆ, ಮೂರನೆಯದು ಒಂಬತ್ತನೆಯ ದಿನಕ್ಕೆ. ಒಂದು ವಾರ ಎಣ್ಣೆ ಹಾಕಿ 'ಏನೂ ಆಗಲಿಲ್ಲ' ಎಂದು ಕೈಬಿಡುವವರು ಈ ಗಣಿತವನ್ನು ಅರಿತಿದ್ದರೆ ಎಷ್ಟೋ ಎಂಜಿನ್‌ಗಳು ಗುಜರಿಗೆ ಹೋಗುತ್ತಿರಲಿಲ್ಲ. ಆಮೇಲೂ ಜಗ್ಗದಿದ್ದರೆ ಹೆಡ್ ಬಿಚ್ಚುವುದು. ಈ ಎಂಜಿನ್‌ಗಳ ವಾಲ್ವ್‌ಗಳು ಬ್ಲಾಕಿನಲ್ಲೇ ಇರುವುದರಿಂದ ಹೆಡ್ ಎಂದರೆ ಬೋಲ್ಟ್ ಬಿಗಿದ ಮುಚ್ಚಳ ಅಷ್ಟೆ. ಪಿಸ್ಟನ್ನಿನ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಾ, ಫ್ಲೈವೀಲನ್ನು ಎರಡೂ ದಿಕ್ಕಿಗೆ ಒತ್ತುತ್ತಾ ಹೋದರೆ ಕೂದಲೆಳೆಯಷ್ಟು ಅಲುಗುತ್ತದೆ. ಅಲುಗಿತು ಎಂದರೆ ಮುಗಿಯಿತು, ಉಳಿದದ್ದೆಲ್ಲ ಎಣ್ಣೆ ಹಾಕುತ್ತಾ ಹಿಂದೆ ಮುಂದೆ ಆಡಿಸುವ ಕೆಲಸ.

ಹೊರಗಿನ ಕಬ್ಬಿಣದ ಭಾಗಗಳ ತುಕ್ಕಿಗೆ ವಿದ್ಯುತ್ತೇ ಮದ್ದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ಲೀಟರಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ಋಣ ತುದಿಗೆ ತುಕ್ಕು ಹಿಡಿದ ಭಾಗ, ಧನ ತುದಿಗೆ ಬೇಡದ ಕಬ್ಬಿಣದ ತುಂಡು. ತುಕ್ಕು ಸಡಿಲವಾಗಿ ಕಪ್ಪು ಕೆಸರಾಗುತ್ತದೆ, ಒಳ್ಳೆಯ ಲೋಹ ಹಾಗೇ ಉಳಿಯುತ್ತದೆ. ಜಲಜನಕ ಹೊರಬರುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುಗಡೆಯಾಗುತ್ತದೆ. ಅಲ್ಯೂಮಿನಿಯಂ ಭಾಗವನ್ನು ತೊಟ್ಟಿಗೆ ಹಾಕಿದರೆ ಸೋಡಾ ಅದನ್ನೇ ತಿನ್ನುತ್ತದೆ.

ಪೆಟ್ರೋಲ್ ಎಂಬುದು ಒಂದೇ ದ್ರವವಲ್ಲ, ನೂರಾರು ಹೈಡ್ರೊಕಾರ್ಬನ್‌ಗಳ ಮಿಶ್ರಣ. ತಣ್ಣನೆಯ ಎಂಜಿನ್ನನ್ನು ಹೊತ್ತಿಸುವ ಹಗುರ ಭಾಗಗಳು ಮೊದಲು ಆರಿಹೋಗುತ್ತವೆ. ಉಳಿದವುಗಳಲ್ಲಿ ಓಲಿಫಿನ್‌ಗಳೆಂಬ ಅಣುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತವೆ. ನಿಂತ ಟ್ರ್ಯಾಕ್ಟರಿನ ಕಾರ್ಬ್ಯುರೇಟರ್ ಬಟ್ಟಲು ಬಿಚ್ಚಿದರೆ ತಳದಲ್ಲಿ ಕಂದು ಬಣ್ಣದ ವಾರ್ನಿಶ್, ಮೂಗಿಗೆ ಅಡರುವ ಹುಳಿ ವಾಸನೆ. ಮಿಲಿಮೀಟರಿಗಿಂತ ಸಣ್ಣ ಜೆಟ್ ತೂತುಗಳನ್ನು ಮುಚ್ಚಲು ಅಷ್ಟು ಸಾಕು. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದು ಮಾರುವವರು ಹೇಳಿದರೆ ತೊಂದರೆ ಬಹುತೇಕ ಇದೇ. ಎಥನಾಲ್ ಬೆರೆತ ಪೆಟ್ರೋಲಿನದು ಇನ್ನೊಂದು ಕಥೆ. ಅದು ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಶೇ. 10 ಎಥನಾಲ್ ಇರುವ ಪೆಟ್ರೋಲಿಗೆ ಸುಮಾರು ಅರ್ಧ ಶೇಕಡಾ ನೀರು ಸೇರಿದರೆ ಎಥನಾಲೂ ನೀರೂ ಒಂದಾಗಿ ತಳಕ್ಕೆ ಇಳಿದು ಸತು ಬೆರೆತ ಕಾರ್ಬ್ಯುರೇಟರನ್ನು ಕೊರೆಯುತ್ತವೆ. ಶೇ. 20 ಎಥನಾಲ್‌ನ ಪೆಟ್ರೋಲ್ ಭಾರತದಲ್ಲಿ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಮನೆಯಲ್ಲಿ ಹಳೆಯ ಸ್ಕೂಟರೋ ಪೆಟ್ರೋಲ್ ಪಂಪ್‌ಸೆಟ್ಟೋ ಇರುವ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ: ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಿಡಿ, ಹಳೆಯ ರಬ್ಬರ್ ಕೊಳವೆಗಳನ್ನು ಬದಲಿಸಿ.

ಇನ್ನು ಕಿಡಿ. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕನ್ನು ಸಾಕಿದವರಿಗೆ ಪಾಯಿಂಟ್, ಅಂದರೆ ಕಿಡಿಗಾಗಿ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್, ಉಜ್ಜುವುದನ್ನು ಕಲಿಸಬೇಕಿಲ್ಲ, ಈ ಎಂಜಿನ್‌ಗಳಲ್ಲೂ ಅದೇ ಏರ್ಪಾಡು. ಪಾಯಿಂಟ್ ಮುಚ್ಚಿದ್ದಾಗ ಕಾಯಿಲಿನಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ತೆರೆದ ಕ್ಷಣ ಕ್ಷೇತ್ರ ಕುಸಿದು 12 ವೋಲ್ಟ್ ಸಾವಿರಾರು ವೋಲ್ಟ್ ಆಗುತ್ತದೆ. ಕುಸಿತ ಎಷ್ಟು ಥಟ್ಟನೆ ಆಗುತ್ತದೋ ಕಿಡಿ ಅಷ್ಟು ಬಲ. ಪಾಯಿಂಟಿನ ನಡುವೆ ಕಿಡಿ ಹಾರಿ ಅದು ನಿಧಾನವಾಗದಂತೆ ಕಾಯುವುದೇ ಕಂಡೆನ್ಸರಿನ ಕೆಲಸ. ನಿಂತ ಯಂತ್ರದಲ್ಲಿ ಪಾಯಿಂಟಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಬೆಳೆದಿರುತ್ತದೆ, 12 ವೋಲ್ಟಿಗೆ ಅದನ್ನು ದಾಟುವ ಶಕ್ತಿಯಿಲ್ಲ. ಕೋಹ್ಲರ್‌ನವರು ಪಾಯಿಂಟನ್ನು ಫ್ಲೈವೀಲಿನ ಅಡಿಯಲ್ಲಿ ಹುದುಗಿಸದೆ ಹೊರಗೇ, ಪುಟ್ಟ ಮುಚ್ಚಳದ ಕೆಳಗೆ ಇಟ್ಟದ್ದು ದೊಡ್ಡ ಉಪಕಾರ. ನಯವಾದ ಅರದಿಂದ ಎರಡೆಳೆತ, ಒಂದು ತುಂಡು ದಪ್ಪ ಕಾಗದದಿಂದ ಒರೆಸು, ಫೀಲರ್ ಗೇಜಿನಲ್ಲಿ ಅರ್ಧ ಮಿಲಿಮೀಟರ್ ಸಂದಿ. ಸಾಮಾನ್ಯವಾಗಿ ಪ್ಲಗ್ಗಿನಲ್ಲಿ ನೀಲಿ ಕಿಡಿ ಬರುತ್ತದೆ.

ಸ್ಟಾರ್ಟ್ ಮಾಡುವ ಮುನ್ನ ಒಂದು ಖಡಾಖಂಡಿತ ಮಾತು. ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳಲ್ಲಿ ಓಡಿಸುವವರು ಎದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ ಇರುವುದಿಲ್ಲ. ಹುಲ್ಲು ಕತ್ತರಿಸಲು ಬಳಸುವುದಾದರೆ ಸೀಟಿನ ಕೆಳಗೆ ಒಂದನ್ನು ಹಾಕಿಸಲೇಬೇಕು. ಹಳೆಯದನ್ನು ಮೂಲರೂಪದಲ್ಲೇ ಉಳಿಸಬೇಕೆಂಬ ಹಟ ತಿರುಗುವ ಅಲಗಿನ ಮುಂದೆ ಸಲ್ಲದು.

ಹಳೆಯ ಎಣ್ಣೆ ಬಸಿದು ಹೊಸದು ಹಾಕಿ, ಎಂಜಿನ್ನನ್ನು ಕೈಯಿಂದ ಹಲವು ಸುತ್ತು ತಿರುಗಿಸಿದ ಮೇಲೆಯೇ ಸ್ಟಾರ್ಟರ್. ಮೊದಲು ಬರುವ ಬಿಳಿ-ನೀಲಿ ಹೊಗೆಗೆ ಹೆದರಬೇಕಿಲ್ಲ, ಸಿಲಿಂಡರಿಗೆ ಸುರಿದ ಎಣ್ಣೆ ಉರಿಯುತ್ತಿದೆ. ಹತ್ತು ಹದಿನೈದು ನಿಮಿಷ ಹೊರೆಯಿಲ್ಲದೆ ಓಡಿಸಿ ನಿಲ್ಲಿಸಿ, ಬಿಸಿಯಾಗಿರುವಾಗಲೇ ಆ ಎಣ್ಣೆಯನ್ನು ಬಿಳಿ ತಟ್ಟೆಗೆ ಬಸಿಯಿರಿ. ತಳದಲ್ಲಿ ಕಣ ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಳ್ಳುವ ಕಪ್ಪು ಪುಡಿ ಸಿಲಿಂಡರಿನಿಂದ ಬಿಟ್ಟ ತುಕ್ಕು. ಇನ್ನೊಂದೆರಡು ಸಲ ಎಣ್ಣೆ ಬದಲಿಸಿದರೆ ಹೋಗುತ್ತದೆ. ಅಯಸ್ಕಾಂತಕ್ಕೆ ಅಂಟದೆ ಬೆಳ್ಳಗೆ ಹೊಳೆಯುವ ಕಣಗಳು ಕಂಡರೆ ಅದು ಅಲ್ಯೂಮಿನಿಯಂ, ರಾಡು ಸವೆಯುತ್ತಿದೆ. ಮತ್ತೆ ಸ್ಟಾರ್ಟ್ ಮಾಡದೆ ಅಂದೇ ತಳ ಬಿಚ್ಚಿಬಿಡಿ: ರಾಡು ಹೊಸದಾಗಿ ಸಿಗುತ್ತದೆ, ಬ್ಲಾಕು ಸಿಗುವುದು ಕಷ್ಟ.