ಖಾಲಿ ಜಾಗ ಎಂದರೆ ಎಷ್ಟು ಜಾಗ?

ನಗರ ಯೋಜನೆಯ ಅಹವಾಲು ಸಭೆಗಳಲ್ಲಿ ಜನ ದನಿಯೇರಿಸುವುದು ಕಟ್ಟಡದ ಎತ್ತರಕ್ಕೆ, ನೀರಿಗೆ, ಪಾರ್ಕಿಂಗಿಗೆ. ಕರಡು ನಿಯಮದಲ್ಲಿ ಯಾವ ಪದಕ್ಕೆ ಯಾವ ಅರ್ಥ ಕೊಟ್ಟಿದ್ದಾರೆ ಎಂದು ನೋಡುವವರು ಅಪರೂಪ. ವೃತ್ತಿಗೆ ಬಂದ ಹೊಸದರಲ್ಲಿ ನಾನೂ ಆ ಪುಟಗಳನ್ನು ಹಾರಿಸುತ್ತಿದ್ದೆ. ಅಲ್ಲಿಂದಲೇ ಓದಲು ಶುರುಮಾಡಬೇಕೆಂದು ಕಲಿಸಿದ್ದು ಮುಂಬೈಯ ಗಿರಣಿ ಭೂಮಿ.

ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತಿನ ಗಿರಣಗಾಂವ್‌ನಲ್ಲಿ ಐವತ್ತಕ್ಕೂ ಹೆಚ್ಚು ಬಟ್ಟೆ ಗಿರಣಿಗಳಿದ್ದವು. ಎಲ್ಲ ಸೇರಿ ಸುಮಾರು 600 ಎಕರೆ, ಅದೂ ನಗರದ ನಟ್ಟನಡುವೆ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ವಿಧ್ಯುಕ್ತವಾಗಿ ಮುಗಿಯಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಸೊರಗಿದವು. ಕೆಳಗಿನ ನೆಲದ ಬೆಲೆ ಮಾತ್ರ ಏರುತ್ತಲೇ ಹೋಯಿತು.

1991ರಲ್ಲಿ ಹೊಸ ಅಭಿವೃದ್ಧಿ ನಿಯಂತ್ರಣ ನಿಯಮಗಳು ಬಂದವು. ಅದರ 58ನೆಯ ನಿಯಮಕ್ಕೆ ಜನ ಇಟ್ಟ ಹೆಸರು ಮೂರರಲ್ಲೊಂದರ ಸೂತ್ರ. ಗಿರಣಿ ಭೂಮಿಯನ್ನು ಹೊಸದಾಗಿ ಅಭಿವೃದ್ಧಿಪಡಿಸುವುದಾದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಪಾಲಿಕೆಗೆ, ಉದ್ಯಾನ ಮತ್ತು ಆಟದ ಮೈದಾನಕ್ಕೆಂದು, ಇನ್ನೊಂದು ಭಾಗ ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾಕ್ಕೆ, ಕೈಗೆಟಕುವ ಮನೆಗಳಿಗೆ, ಉಳಿದದ್ದು ಮಾಲೀಕನಿಗೆ. ಪಾಲಿಕೆಗೆ ಬಿಟ್ಟ ಜಾಗಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕನ್ನು, ಅಂದರೆ ಅಲ್ಲಿ ಕಟ್ಟಬಹುದಾಗಿದ್ದಷ್ಟನ್ನು ಕಟ್ಟುವ ಅನುಮತಿಯನ್ನು, ಬೇರೆಡೆ ಬಳಸುವ ಅನುಕೂಲವೂ ಮಾಲೀಕನಿಗಿತ್ತು. ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾದ ನಿಯಮವನ್ನು ನಾನು ಹೆಚ್ಚು ನೋಡಿಲ್ಲ.

ಆದರೆ ಅದರಲ್ಲೊಂದು ಕಿಂಡಿ ಇತ್ತು. ಹಳೆಯ ಕಟ್ಟಡವನ್ನು ಕೆಡವದೆ ಒಳಗಿನ ಬಳಕೆಯನ್ನಷ್ಟೇ ಬದಲಿಸಿದರೆ ಯಾರಿಗೂ ಪಾಲು ಕೊಡಬೇಕಿರಲಿಲ್ಲ. ಮಾಲೀಕರು ಸುಮ್ಮನೆ ಕುಳಿತರು, ಇಲ್ಲವೇ ಶೆಡ್ಡಿನೊಳಗೇ ಕಚೇರಿ, ಅಂಗಡಿ ತೆರೆದರು. ಮುಂದಿನ ಹತ್ತು ವರ್ಷಗಳಲ್ಲಿ ಪಾಲಿಕೆಗಾಗಲಿ ಮ್ಹಾಡಾಕ್ಕಾಗಲಿ ಸಿಕ್ಕ ನೆಲ ಅತ್ಯಲ್ಪ. ಇಡೀ ಪ್ರದೇಶಕ್ಕೆ ಒಂದೇ ಯೋಜನೆ ಮಾಡೋಣವೆಂದು 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅಧ್ಯಕ್ಷತೆಯ ಸಮಿತಿ ಅಧ್ಯಯನ ನಡೆಸಿತು. ಅದು ಜಾರಿಗೆ ಬರಲಿಲ್ಲ.

ಮಾಲೀಕರ ವಾದವನ್ನೂ ಕೇಳಬೇಕು. ಮೂರನೇ ಎರಡು ಭಾಗ ಬಿಟ್ಟುಕೊಟ್ಟರೆ ಬ್ಯಾಂಕಿನ ಸಾಲ ಮತ್ತು ಕಾರ್ಮಿಕರ ಬಾಕಿ ತೀರಿಸುವುದು ಹೇಗೆ ಎಂದು ಅವರು ಕೇಳುತ್ತಿದ್ದರು. ಪ್ರಶ್ನೆ ಪೊಳ್ಳೇನೂ ಆಗಿರಲಿಲ್ಲ. ನೆಲ ಮಾರಾಟವಾಗದೆ ಬಾಕಿ ಬಾರದು ಎಂಬ ಇಕ್ಕಟ್ಟಿನಲ್ಲಿ ಕಾರ್ಮಿಕರೂ ಸಿಲುಕಿದ್ದರು. ಇದಕ್ಕೆ ಪರಿಹಾರವೆಂದು 2001ರಲ್ಲಿ ತಿದ್ದುಪಡಿ ಬಂತು: ಪಾಲು ಹಂಚಬೇಕಾದದ್ದು ಗಿರಣಿಯೊಳಗಿನ ಖಾಲಿ ಜಾಗವನ್ನು ಮಾತ್ರ. ಕಟ್ಟಡ ಕೆಡವಿದ ಮೇಲೆ ತೆರವಾಗುವ ಜಾಗ ಆ ಲೆಕ್ಕಕ್ಕೆ ಬರುವುದಿಲ್ಲ.

ಓದುವಾಗ ಸಣ್ಣ ವಿಷಯದಂತೆ ಕಾಣುತ್ತದೆ. ಅದು ಎಷ್ಟು ದೊಡ್ಡದೆಂದು ತಿಳಿಯಲು ಗಿರಣಿಯ ಒಳಗನ್ನು ನೋಡಿರಬೇಕು. ಮಗ್ಗಗಳು ಅದುರುತ್ತವೆ, ಆದ್ದರಿಂದ ನೇಯ್ಗೆ ವಿಭಾಗ ನೆಲಮಟ್ಟದಲ್ಲೇ ಇರಬೇಕು. ನೂಲಿನ ಕೆಲಸಕ್ಕೆ ನೆರಳು ಬೀಳದ ಬೆಳಕು ಬೇಕು. ಅದಕ್ಕಾಗಿ ಗರಗಸದ ಹಲ್ಲಿನಂಥ ಮಾಡು, ಉತ್ತರಕ್ಕೆ ಗಾಜು. ಹೀಗಾಗಿ ಒಂದೇ ಅಂತಸ್ತಿನ ಶೆಡ್ ಹಾಸಿಗೆಯಂತೆ ಹರಡಿಕೊಳ್ಳುತ್ತದೆ. ಖಾಲಿ ಉಳಿಯುವುದು ಹತ್ತಿ ಬೇಲುಗಳನ್ನು ಇಳಿಸುವ ಅಂಗಳ, ಬಾಯ್ಲರಿಗೆ ನೀರು ಕೊಡುವ ಕೊಳ, ಚಿಮಣಿಯ ಸುತ್ತಿನ ತುಸು ಜಾಗ.

ಒಂಬತ್ತು ಹೆಕ್ಟೇರಿನ ಗಿರಣಿಯೊಂದನ್ನು ಊಹಿಸಿಕೊಳ್ಳಿ. ಏಳು ಹೆಕ್ಟೇರಿನಲ್ಲಿ ಶೆಡ್, ಎರಡು ಖಾಲಿ. ಸುಲಭಕ್ಕೆ ಸರಿಯಾಗಿ ಮೂರರಲ್ಲೊಂದು ಎಂದೇ ಹಿಡಿದರೆ, ಹಳೆಯ ನಿಯಮದಂತೆ ಕೆಡವಿ ಕಟ್ಟಿದಾಗ ಮ್ಹಾಡಾಕ್ಕೆ ಮೂರು ಹೆಕ್ಟೇರ್. ತಿದ್ದುಪಡಿಯ ನಂತರ ಒಂದು ಹೆಕ್ಟೇರಿನ ಮೂರನೇ ಎರಡು ಭಾಗವಷ್ಟೇ. ಸೂತ್ರದ ಹೆಸರು ಬದಲಾಗಲಿಲ್ಲ. ಪಾಲು ಮಾತ್ರ ಕಾಲುಭಾಗಕ್ಕೂ ಕೆಳಗಿಳಿಯಿತು. ನೂರು ವರ್ಷದ ಹಿಂದೆ ಮಗ್ಗ ಅದುರುತ್ತದೆಂದು ಯಾರೋ ಎಂಜಿನಿಯರ್ ಹಾಸಿದ ನೆಲಗಟ್ಟು, ಅದೇ ಮಗ್ಗ ನಡೆಸಿದವರ ಮೊಮ್ಮಕ್ಕಳ ಮನೆಯ ಲೆಕ್ಕ ಬರೆಯಿತು.

2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ತನ್ನ ಐದು ಗಿರಣಿಗಳ ನೆಲವನ್ನು ಮಾರಿತು. ಬಂದದ್ದು ಸುಮಾರು 2,000 ಕೋಟಿ ರೂಪಾಯಿ. ಅದೇ ವರ್ಷ ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್, ಕೆಡವಿದ ಮೇಲೆ ತೆರವಾಗುವ ಜಾಗವನ್ನೂ ಪಾಲಿಗೆ ಸೇರಿಸಬೇಕೆಂದು ಹೇಳಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನ್ಯಾಯದ ಮಾತು ನ್ಯಾಯಾಲಯಕ್ಕಿರಲಿ. ಯೋಜಕನಾಗಿ ನನ್ನ ತಕರಾರು ಇಷ್ಟು: ಮಾಲೀಕರ ಹಣದ ಸಮಸ್ಯೆಯನ್ನು ಪಾಲಿನ ಪ್ರಮಾಣ ಇಳಿಸಿ ಬಗೆಹರಿಸಬಹುದಿತ್ತು. ಆಗ ಎಷ್ಟು ಬಿಟ್ಟುಕೊಡುತ್ತಿದ್ದೇವೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು, ಜಗಳವೂ ಆ ಅಂಕಿಯ ಮೇಲೆಯೇ ನಡೆಯುತ್ತಿತ್ತು. ಪದದ ಅರ್ಥ ಬದಲಿಸಿದರೆ ಜಗಳಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಆಮೇಲಿನ ಕಥೆ ಲಾಟರಿಯದು. ಮ್ಹಾಡಾ ತನ್ನ ಪಾಲಿನ ನೆಲದಲ್ಲಿ ಕಟ್ಟುವ ಮನೆ ಕೋರಿ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಮತ್ತು ಅವರ ವಾರಸುದಾರರು ಅರ್ಜಿ ಹಾಕಿದ್ದರು. 2012ರ ಮೊದಲ ಲಾಟರಿಯಲ್ಲಿ ಎತ್ತಿದ್ದು 6,925 ಮನೆ. ತಲಾ 225 ಚದರ ಅಡಿ, ಏಳೂವರೆ ಲಕ್ಷ ರೂಪಾಯಿ. ಸಿಕ್ಕವರಿಗೂ ಇನ್ನೊಂದು ಲೆಕ್ಕ ಕಾದಿರುತ್ತದೆ. ಬಹುಮಹಡಿ ಕಟ್ಟಡದ ಲಿಫ್ಟು, ಪಂಪು, ಕಾವಲುಗಾರರ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಅವರ ಹಳೆಯ ಚಾಳಿನ, ಅಂದರೆ ಸಾಲುಕೋಣೆಗಳ ವಠಾರದ, ಖೋಲಿಯಲ್ಲಿ ಅಂಥ ಬಾಬತ್ತು ಇರಲಿಲ್ಲ. ಕಡಿಮೆ ಬೆಲೆಯ ಮನೆ ಎಂದು ಲೆಕ್ಕ ಹಾಕುವವರು ಕಟ್ಟುವ ಖರ್ಚಿಗೇ ನಿಲ್ಲುತ್ತಾರೆ, ನಡೆಸುವ ಖರ್ಚನ್ನು ಮರೆಯುತ್ತಾರೆ. ನಾನೂ ಮರೆತದ್ದುಂಟು.

ನಮ್ಮಲ್ಲೂ ಮುಚ್ಚಿದ ಗಿರಣಿಗಳು ಕಡಿಮೆಯಿಲ್ಲ. ಬೆಂಗಳೂರಿನ ಬಿನ್ನಿ ಮಿಲ್ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್‌ಗಳಿವೆ. ಈಚೆಗೆ ಉತ್ತರದ ಜಿಲ್ಲೆಯೊಂದರಿಂದ ಹಿರಿಯರೊಬ್ಬರು ಬಂದಿದ್ದರು. ಅವರ ಊರಿನ ಹಳೆಯ ಮಿಲ್ಲಿನ ಖಾಲಿ ಜಾಗದಲ್ಲಿ ಬಡವರಿಗೆ ಮನೆ ಕಟ್ಟಿಸಬೇಕೆಂಬ ಮನವಿಯ ಕರಡು ಕೈಯಲ್ಲಿತ್ತು. ನಕ್ಷೆ ಹರಡಿಸಿ, ಶೆಡ್ಡುಗಳು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದೆ. ಅವರ ಬೆರಳು ಕಾಗದದ ಈ ಅಂಚಿನಿಂದ ಆ ಅಂಚಿಗೆ ಹೋಯಿತು.

“ಹೇಗೂ ಕೆಡವುತ್ತಾರಲ್ಲ ಸರ್, ಆಮೇಲೆ ಎಲ್ಲವೂ ಖಾಲಿ ಜಾಗವೇ. ಅದನ್ನೇನು ಬರೆಯುವುದು?” ಎಂದರು.

ಪೆನ್ನು ಕೊಟ್ಟು, ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ ಎಂದೆ.