ಬೈಯುವ ಬಾಣಸಿಗನನ್ನು ಜನ ಏಕೆ ಬಿಡದೆ ನೋಡುತ್ತಾರೆ?

ಪ್ರಶ್ನೆ: ಅಡುಗೆ ಸ್ಪರ್ಧೆಯ ಟಿವಿ ಕಾರ್ಯಕ್ರಮ ‘ಹೆಲ್ಸ್ ಕಿಚನ್’ನಲ್ಲಿ ಬ್ರಿಟನ್ನಿನ ಬಾಣಸಿಗ ಗಾರ್ಡನ್ ರಾಮ್ಸೆ ಸ್ಪರ್ಧಿಗಳನ್ನು ವಾಚಾಮಗೋಚರವಾಗಿ ಬೈಯುತ್ತಾರೆ. ನಮ್ಮೆದುರು ಯಾರಾದರೂ ಹೀಗೆ ಕೂಗಾಡಿದರೆ ಎದ್ದು ಹೋಗುತ್ತೇವೆ. ಟಿವಿಯಲ್ಲಾದರೆ ನಿದ್ದೆಗೆಟ್ಟು ನೋಡುತ್ತೇವೆ. ಇದೇಕೆ?

ಉತ್ತರ: ಅಡುಗೆಯ ಸ್ಪರ್ಧೆಗೆ ಹುಟ್ಟಿನಿಂದಲೇ ಒಂದು ತೊಡಕಿದೆ. ಹಾಡಿನ ಸ್ಪರ್ಧೆಯಲ್ಲಿ ಶ್ರುತಿ ತಪ್ಪಿದರೆ ನಮ್ಮ ಕಿವಿಗೇ ಗೊತ್ತಾಗುತ್ತದೆ. ಇಲ್ಲಿ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ನಮ್ಮ ನಾಲಿಗೆಗೆ ತಿಳಿಯುವುದಿಲ್ಲ. ತೀರ್ಪುಗಾರರ ಮುಖ ನೋಡಿಯೇ ರುಚಿಯನ್ನು ಊಹಿಸಬೇಕು. ಎಲ್ಲದಕ್ಕೂ ಮುಗುಳ್ನಗುವ ಮುಖದಿಂದ ಊಹಿಸುವುದಾದರೂ ಏನನ್ನು? ಬೇಯದ ಕೋಳಿಯ ತುಂಡನ್ನು ರಾಮ್ಸೆ ಬೆರಳಿನಿಂದ ಒತ್ತಿ, ಎಲ್ಲರನ್ನೂ ಕರೆದು ತೋರಿಸಿ ಗದರಿದಾಗ ಮಾತ್ರ ತಪ್ಪಿನ ಗಾತ್ರ ನಮಗೆ ಮುಟ್ಟುತ್ತದೆ. ಆ ಸಿಟ್ಟು ನಮ್ಮ ಪಾಲಿಗೆ ನಾಲಿಗೆಯ ಕೆಲಸ ಮಾಡುತ್ತದೆ.

ಸಿಟ್ಟಿದ್ದರೆ ಸಾಲದು, ಅದಕ್ಕೆ ಯೋಗ್ಯತೆಯ ಬಲವೂ ಬೇಕು. ಲಂಡನ್ನಿನ ಚೆಲ್ಸಿಯಲ್ಲಿ 1998ರಲ್ಲಿ ತೆರೆದ ಅವರ ಹೋಟೆಲಿಗೆ 2001ರಲ್ಲಿ ಮೂರು ಮಿಶೆಲಿನ್ ನಕ್ಷತ್ರಗಳು, ಅಂದರೆ ಹೋಟೆಲುಗಳಿಗೆ ಸಿಗುವ ಆ ಹೆಸರಾಂತ ಮನ್ನಣೆಯ ಅತ್ಯುನ್ನತ ದರ್ಜೆ, ಬಂದವು. ಅದಕ್ಕೂ ಮೊದಲು ಅವರು ಕೋಪಕ್ಕೆ ಹೆಸರಾದ ಬಾಣಸಿಗ ಮಾರ್ಕೊ ಪಿಯರ್ ವೈಟ್ ಅವರ ಕೈಕೆಳಗೆ ದುಡಿದು, ಪ್ಯಾರಿಸ್ಸಿನಲ್ಲಿ ಗೀ ಸವೋಯ್ ಅವರ ಬಳಿ ಕಲಿತವರು. ಬೈಸಿಕೊಂಡು ಬೆಳೆದ ಮನುಷ್ಯ ಬೈಯುತ್ತಿದ್ದಾನೆ ಎಂಬ ಅರಿವು ನೋಡುಗರಲ್ಲಿದೆ. ಏನೂ ಬಾರದ ಮೇಲಧಿಕಾರಿಯ ಅಬ್ಬರವನ್ನು ಕಚೇರಿಯಲ್ಲಿ ಸಹಿಸಿ ಬಂದವರಿಗೆ, ತಪ್ಪು ತಟ್ಟೆಯ ಮೇಲೆ ಎದ್ದು ಕಾಣುವಾಗ, ಬಲ್ಲವರೇ ಅದನ್ನು ನೇರವಾಗಿ ಹೇಳುವುದರಲ್ಲಿ ಒಂದು ಬಗೆಯ ನ್ಯಾಯ ಕಾಣುತ್ತದೆ.

ಆದರೂ ಜನ ನಿಜವಾಗಿ ಕಾಯುವುದು ಹೊಗಳಿಕೆಗಾಗಿ ಎಂದೇ ನನ್ನ ನಂಬಿಕೆ. ರಾಮ್ಸೆ ತೀರ್ಪುಗಾರರಾಗಿದ್ದ 2012ರ ಅಮೆರಿಕದ ಅಡುಗೆ ಸ್ಪರ್ಧೆ ‘ಮಾಸ್ಟರ್‌ಶೆಫ್’ನಲ್ಲಿ ದೃಷ್ಟಿ ಕಳೆದುಕೊಂಡಿದ್ದ ಕ್ರಿಸ್ಟೀನ್ ಹಾ ಸೇಬಿನ ಪೈ ಮಾಡಿ, ಕೆಟ್ಟುಹೋಗಿದೆ ಎಂದೇ ಭಾವಿಸಿ ಅಳುತ್ತ ನಿಂತಿದ್ದರು. ರಾಮ್ಸೆ ಮೆಲುದನಿಯಲ್ಲಿ ಅದರ ಬಣ್ಣವನ್ನು, ಅಂಚನ್ನು ಬಣ್ಣಿಸಿದರು. ಆಮೇಲೆ ಮೇಲ್ಪದರದ ಮೇಲೆ ಚಾಕು ಎಳೆದು, ಗರಿಗರಿಯಾದ ಸದ್ದನ್ನು ಆಕೆಗೆ ಕೇಳಿಸಿದರು. ಆ ಬಾರಿಯ ಸ್ಪರ್ಧೆಯನ್ನು ಗೆದ್ದದ್ದು ಕ್ರಿಸ್ಟೀನ್ ಅವರೇ. ಸುಲಭಕ್ಕೆ ಮೆಚ್ಚದವರ ಬಾಯಿಂದ ಬಂದುದರಿಂದಲೇ ಆ ನಾಲ್ಕು ಮಾತು ಇಂದಿಗೂ ಕಣ್ಣು ತೇವಗೊಳಿಸುತ್ತದೆ.

ಇನ್ನು, ನಾವು ನೋಡುವುದು ಕತ್ತರಿಸಿ ಜೋಡಿಸಿದ ಕೋಪವನ್ನು. ಗಂಟೆಗಟ್ಟಲೆ ನಡೆದ ಕೆಲಸದಿಂದ ಬಿಸಿಯೇರಿದ ಕ್ಷಣಗಳನ್ನು ಆರಿಸಿ, ಎದೆ ನಡುಗಿಸುವ ಸಂಗೀತ ಬೆರೆಸುತ್ತಾರೆ. ಸೋಲುತ್ತಿರುವ ಹೋಟೆಲುಗಳನ್ನು ರಾಮ್ಸೆ ಸರಿಪಡಿಸಲು ಹೊರಡುವ ‘ಕಿಚನ್ ನೈಟ್ಮೇರ್ಸ್’ನ ಬ್ರಿಟಿಷ್ ಆವೃತ್ತಿಯನ್ನೂ ಅಮೆರಿಕದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ: ಮನುಷ್ಯ ಒಬ್ಬನೇ, ಅಬ್ಬರದಲ್ಲಿ ಎಷ್ಟು ಅಂತರ! ನನಗೆ ಆತಂಕವಾಗುವುದು ಇಲ್ಲಿಯೇ. ನಿಜವಾದ ಹೋಟೆಲಿನ ಅಡುಗೆಮನೆಯಲ್ಲಿ ಬೈಸಿಕೊಂಡ ಹುಡುಗನಿಗೆ ಬಹುಮಾನವೂ ಇಲ್ಲ, ಪ್ರಸಿದ್ಧಿಯೂ ಇಲ್ಲ; ಮರುದಿನ ಬೆಳಿಗ್ಗೆ ಅದೇ ಒಲೆಯ ಮುಂದೆ, ಅದೇ ವ್ಯಕ್ತಿಯ ಎದುರು ನಿಲ್ಲಬೇಕು. ಟಿವಿಯ ಕೋಪವನ್ನು ನೆಪವಾಗಿಸಿಕೊಂಡು ಅವನನ್ನು ಹೀನಾಯವಾಗಿ ಕಾಣುವುದನ್ನು ನಾನು ಒಪ್ಪಲಾರೆ.

ಕೂಗದೆ ಕಲಿಸಲಾಗದು ಎನ್ನುವವರಿಗೆ ರಾಮ್ಸೆಯವರದ್ದೇ ‘ಮಾಸ್ಟರ್‌ಶೆಫ್ ಜೂನಿಯರ್’ ತೋರಿಸಬೇಕು. 2013ರಲ್ಲಿ ಆರಂಭವಾದ ಅದರ ಮೊದಲ ಸರಣಿಯಲ್ಲಿ ಎಂಟರಿಂದ ಹದಿಮೂರು ವರ್ಷದ ಮಕ್ಕಳು ಅಡುಗೆ ಮಾಡಿದರು. ಅಲ್ಲಿ ರಾಮ್ಸೆ ಧೈರ್ಯ ತುಂಬುತ್ತಾರೆ, ತಪ್ಪಾದರೆ ಹೇಗೆ ಸರಿಪಡಿಸಬೇಕೆಂದು ಹೇಳಿಕೊಡುತ್ತಾರೆ. ಹಾಗೆಂದು ತೀರ್ಪಿನಲ್ಲಿ ರಿಯಾಯಿತಿಯಿಲ್ಲ. ತಟ್ಟೆ ಚೆನ್ನಾಗಿಲ್ಲದಿದ್ದರೆ ಮಕ್ಕಳೂ ಸ್ಪರ್ಧೆಯಿಂದ ಹೊರಬೀಳುತ್ತಾರೆ.