ತಾಲೂಕು ಪೇಟೆಯ ಲೆಕ್ಕಕ್ಕೆ ಸಿಗದ ಜನ

ಬೆಂಗಳೂರಲ್ಲಿ ಕೂತು ತಾಲೂಕು ಪಟ್ಟಣಗಳ ಮಾಸ್ಟರ್ ಪ್ಲಾನ್ ಮಾಡೋದು ನನ್ನ ಕೆಲಸ. ಮೀಟಿಂಗಲ್ಲಿ ಮೊದಲು ಕೇಳೋದೇ ಪಾಪ್ಯುಲೇಷನ್ ಎಷ್ಟು ಅಂತ. 2011ರ ಸೆನ್ಸಸ್ ನೋಡಿ 15 ಸಾವಿರ ಅಂದ್ರೆ ನೀರು, ರಸ್ತೆ, ಶೌಚಾಲಯ ಎಲ್ಲಾ ಆ ಲೆಕ್ಕಕ್ಕೇ ನಿಂತುಹೋಗುತ್ತೆ, ಸಂತೆ ದಿನ ಸುತ್ತಲ ಹಳ್ಳಿಗಳಿಂದ ಬಂದು ಇಳಿಯೋ ಜನ ಯಾವ ಕಾಲಮ್ಮಿಗೂ ಬರಲ್ಲ.

ಆದ್ರೆ ಆ ಪೇಟೆ ನಡೀತಿರೋದೇ ಅವರಿಂದ. ಗೊಬ್ಬರದ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ರೈತ ಉದ್ರಿ ಬರೆಸಿ ಯೂರಿಯಾ ಒಯ್ತಾನೆ, ಎಲೆ ಮುದುರಿರೋ ಮೆಣಸಿನ ಗಿಡ ಕಿತ್ತು ತಂದು ತೋರಿಸ್ತಾನೆ, ಅಂಗಡಿಯವನು ಹೇಳಿದ ಔಷಧಿನೇ ಹೊಡೀತಾನೆ, ಫಸಲು ಬಂದ್ಮೇಲೆ ಎಷ್ಟೋ ಸಲ ಆ ಅಂಗಡಿಯವನ ಕಡೆಯವರ ಮಂಡಿಗೇ ಮೂಟೆ ಹಾಕ್ತಾನೆ. ಎಲೆಕ್ಷನ್ ಟೈಮಲ್ಲಿ ಗಾಳಿ ಯಾವ ಕಡೆ ಅನ್ನೋ ಮಾತು ಶುರುವಾಗೋದೂ ಅದೇ ಅಂಗಡಿ ಬೆಂಚಲ್ಲಿ. ಸಾಲ, ಸಲಹೆ, ರಾಜಕೀಯ ಎಲ್ಲಾ ಒಂದೇ ಕಡೆ, ಹಂಗಾಗಿ ಎಮ್ಮೆಲ್ಲೆ ಆಗ್ಬೇಕು ಅನ್ನೋರು ಪೇಟೆ ವರ್ತಕರನ್ನ ಬಿಟ್ಟು ಹೊರಡೋದೇ ಇಲ್ಲ.

ಸರ್ಕಾರದ ಮುಖ ಕಾಣೋದೂ ಇಲ್ಲೇ. ಪೋಡಿ, ಖಾತೆ, ಪಿಂಚಣಿ ಯಾವುದಕ್ಕಾದ್ರೂ ಹಳ್ಳಿಯವರು ಅಲೆಯೋದು ತಾಲೂಕು ಆಫೀಸಿಗೆ. ಸಿಟ್ಟು ಬಂದಾಗಲೂ ಅಲ್ಲಿಗೇ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ, ಅಂದ್ರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಸರ್ಕಾರ ಹಾಕಿದ್ದ ಕರ, ಕಟ್ಟಲ್ಲ ಅಂತ ಬಂದು ಸೇರಿದ್ದು ತಹಶೀಲ್ದಾರ್ ಕಚೇರಿ ಮುಂದೆ. ಗೋಲಿಬಾರ್‌ ಆಗಿ ರೈತರು ಸತ್ತರು, ಚಳವಳಿ ರಾಜ್ಯಕ್ಕೆಲ್ಲಾ ಹಬ್ಬಿತು, 1983ರಲ್ಲಿ ಗುಂಡೂರಾವ್ ಸರ್ಕಾರ ಸೋತಿದ್ದಕ್ಕೆ ಅದೂ ಒಂದು ದೊಡ್ಡ ಕಾರಣ.

ಇಷ್ಟಿದ್ರೂ ಪುರಸಭೆಗೆ ಓಟು ಹಾಕೋರು ವಾರ್ಡಿನವರು ಮಾತ್ರ. ಸ್ಥಳೀಯ ಆಡಳಿತಕ್ಕೆ ಅಂತ ಸಂವಿಧಾನಕ್ಕೆ ಮಾಡಿದ ತಿದ್ದುಪಡಿಗಳಲ್ಲಿ ಹಳ್ಳಿಗೆ 73ನೇದು, ಪಟ್ಟಣಕ್ಕೆ 74ನೇದು, ಎರಡೂ 1993ರಲ್ಲೇ ಜಾರಿಗೆ ಬಂತು. ಎರಡರ ಯೋಜನೆಗಳನ್ನೂ ಕೂಡಿಸೋಕೆ ಅಂತ್ಲೇ ಜಿಲ್ಲಾ ಯೋಜನಾ ಸಮಿತಿ ಇದೆ, ನಾನು ಕಂಡಂತೆ ಅಲ್ಲಿ ಎರಡು ಫೈಲ್‌ ಒಟ್ಟಿಗೆ ಕಟ್ಟಿ ಇಡ್ತಾರೆ ಅಷ್ಟೇ.

2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ ಶುರುವಾದ್ಮೇಲಂತೂ ಹೆಣ್ಮಕ್ಕಳು ಬ್ಯಾಂಕಿಗೆ, ಆಸ್ಪತ್ರೆಗೆ, ಸಂತೆಗೆ ಯಾರನ್ನೂ ದುಡ್ಡು ಕೇಳದೆ ತಾವೇ ಬರ್ತಿದ್ದಾರೆ. ಅವರು ಕೂರೋಕೆ ನೆರಳು, ಬಾಗಿಲು ಸರಿಯಿರೋ ಒಂದು ಶೌಚಾಲಯ ಪ್ಲಾನಲ್ಲಿ ಇರ್ಬೇಕೋ ಬೇಡ್ವೋ? ಪ್ಲಾನ್ ಮಾಡೋವಾಗ ಆಕ್ಷೇಪಣೆ ಕರೆಯೋ ನೋಟಿಸನ್ನ ಪುರಸಭೆ ಗೋಡೆ ಜೊತೆಗೆ ಸುತ್ತಲ ಗ್ರಾಮ ಪಂಚಾಯಿತಿಗಳಲ್ಲೂ ಅಂಟಿಸಿ, ಸಭೆನ ಸಂತೆ ದಿನವೇ ಇಡಿ ಅಂತ ನಾನು ಪ್ರತಿ ಸಲ ಬರೆದು ಕೊಡ್ತೀನಿ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.